ಮಘೆ ಮಳೆಗೆ ಇಳಿಯುವ ಗೊರವ: ಊರ ಕೆರೆಯಲ್ಲಿ ಮೊದಲ ವಲಸೆ ಹಕ್ಕಿಗಳನ್ನು ಗುರುತಿಸಿ ಬರೆದಿಡುವ ಬಗೆ

ವಲಸೆ ಹಕ್ಕಿ ಎಂದರೆ ಡಿಸೆಂಬರಿನ ಚಳಿ, ಕೆರೆ ತುಂಬ ಬಾತು, ಗದಗ ಜಿಲ್ಲೆಯ ಮಾಗಡಿ ಕೆರೆಯ ಪಟ್ಟೆತಲೆ ಹೆಬ್ಬಾತು. ನಮ್ಮಲ್ಲಿ ಬಹಳ ಜನರ ಮನಸ್ಸಿನಲ್ಲಿರುವ ಚಿತ್ರ ಇದೇ. ಆದರೆ ಹೆಬ್ಬಾತು ಬರುವುದು ಕೊನೆಯ ಸರದಿಯಲ್ಲಿ, ನವೆಂಬರ್ ಹೊತ್ತಿಗೆ. ಮೊದಲ ಸರದಿಯ ಹಕ್ಕಿಗಳು ಜುಲೈ ಕೊನೆ, ಆಗಸ್ಟ್ ಮೊದಲ ವಾರಕ್ಕೆಲ್ಲ ನಮ್ಮ ಗದ್ದೆಬಯಲಿಗೆ ಇಳಿದಿರುತ್ತವೆ. ಉತ್ತರದ ದೇಶಗಳಿಗೆ ಅದು ಬೇಸಿಗೆಯ ಕೊನೆ, ನಮಗೆ ಮಳೆಗಾಲದ ನಡು. ಕೊಡೆ ಹಿಡಿದು ಹಕ್ಕಿ ನೋಡಲು ಹೊರಡುವವರು ಕಡಿಮೆ. ಹಾಗಾಗಿ ಅವು ಬಂದದ್ದೂ ಯಾರ ಲೆಕ್ಕಕ್ಕೂ ಸಿಗುವುದಿಲ್ಲ.

ಇಷ್ಟು ಬೇಗ ಬರಲು ಕಾರಣವಿದೆ. ಸೈಬೀರಿಯಾದ ಜೌಗು ಕಾಡುಗಳಲ್ಲಿ ಮೊಟ್ಟೆಯಿಟ್ಟು ಮರಿ ಮಾಡುವ ಕಾಲ ತೀರ ಚಿಕ್ಕದು. ಸ್ಯಾಂಡ್‌ಪೈಪರ್ ಎಂಬ, ಕೆಸರಿನಲ್ಲಿ ಮೇಯುವ ಗೊರವ ಹಕ್ಕಿಗಳ ಹಲವು ಜಾತಿಗಳಲ್ಲಿ ಹೆಣ್ಣು, ಮರಿಗಳು ಪೂರ್ತಿ ಬಲಿಯುವ ಮುನ್ನವೇ ಗಂಡಿನ ಪಾಲಿಗೆ ಬಿಟ್ಟು ದಕ್ಷಿಣಕ್ಕೆ ಹೊರಡುತ್ತದೆ. ಆಮೇಲೆ ಗಂಡು. ದಾರಿ ತೋರಿಸುವವರಿಲ್ಲದೆ ಮರಿಗಳು ಕೊನೆಗೆ. ಆಗಸ್ಟಿನಲ್ಲಿ ನಿಮಗೆ ಕಾಣುವುದು ಬಹುಪಾಲು ದೊಡ್ಡ ಹಕ್ಕಿ, ಸೆಪ್ಟೆಂಬರಿನಲ್ಲಿ ಎಳೆಯವು ಸೇರಿಕೊಳ್ಳುತ್ತವೆ.

ಕ್ಯಾಲೆಂಡರ್: ಹಬ್ಬಕ್ಕಿಂತ ಮಳೆ ನಕ್ಷತ್ರ ವಾಸಿ

ಗೌರಿ ಹಬ್ಬಕ್ಕೆ ಬಾಲ ಕುಣಿಸುವ ಕುಂಡೆಕುಸ್ಕ ಹಕ್ಕಿ ಬರುತ್ತದೆ ಎಂಬ ಲೆಕ್ಕ ಕೇಳಲು ಚೆನ್ನ, ತೀರ ತಪ್ಪೂ ಅಲ್ಲ. ತೊಂದರೆ ಏನೆಂದರೆ ಹಬ್ಬ ಚಾಂದ್ರಮಾನದ್ದು, ಒಂದು ವರ್ಷ ಆಗಸ್ಟ್ ಕೊನೆಗೆ ಬಂದರೆ ಇನ್ನೊಂದು ವರ್ಷ ಸೆಪ್ಟೆಂಬರ್ ನಡುವಿಗೆ ಹೋಗುತ್ತದೆ. ಮಳೆ ನಕ್ಷತ್ರಗಳ ಲೆಕ್ಕ ಸೂರ್ಯನದು, ಪ್ರತಿ ವರ್ಷ ಹೆಚ್ಚು ಕಡಿಮೆ ಅದೇ ತಾರೀಖು. ಹಕ್ಕಿಯ ಮೈಗೆ ಹೊರಡುವ ಹೊತ್ತನ್ನು ತಿಳಿಸುವುದರಲ್ಲೂ ಹಗಲಿನ ಉದ್ದದ ಪಾತ್ರ ದೊಡ್ಡದು, ಅದೂ ಸೂರ್ಯನ ಲೆಕ್ಕವೇ. ಹಾಗಾಗಿ ರೈತರ ಮಳೆ ಪಟ್ಟಿ ವಲಸೆಗೂ ಸರಿಯಾಗಿ ಹೊಂದುತ್ತದೆ. ಕೆಳಗಿನದು ದಕ್ಷಿಣ ಒಳನಾಡಿನ ಕೆರೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದ್ದು. ಒಂದು ವಾರ ಹಿಂದುಮುಂದು ಇರುತ್ತದೆ.

ಪುಷ್ಯ ಮತ್ತು ಆಶ್ಲೇಷ, ಜುಲೈ 20ರಿಂದ ಆಗಸ್ಟ್ 16: ಗ್ರೀನ್ ಸ್ಯಾಂಡ್‌ಪೈಪರ್, ಕಾಮನ್ ಸ್ಯಾಂಡ್‌ಪೈಪರ್. ಒಂದೋ ಎರಡೋ, ಗುಂಪಿರುವುದಿಲ್ಲ. ಕರಾವಳಿಯ ಅಳಿವೆಗಳಲ್ಲಿ ಎದೆಯ ಕೆಂಪು ಇನ್ನೂ ಪೂರ್ತಿ ಮಾಸದ ಸ್ಯಾಂಡ್ ಪ್ಲವರ್ ಎಂಬ ದಂಡೆಹಕ್ಕಿಗಳು.

ಮಘೆ, ಆಗಸ್ಟ್ 30ರವರೆಗೆ: ವುಡ್ ಸ್ಯಾಂಡ್‌ಪೈಪರ್ ಗುಂಪುಗಳು. ಕೊನೆಯ ದಿನಗಳಲ್ಲಿ ಗ್ರೇ ವ್ಯಾಗ್‌ಟೇಲ್, ಅಂದರೆ ಬೂದು ಕುಂಡೆಕುಸ್ಕ.

ಹುಬ್ಬೆ, ಸೆಪ್ಟೆಂಬರ್ 13ರವರೆಗೆ: ಊರೊಳಗೂ ಬೂದು ಕುಂಡೆಕುಸ್ಕ, ವಿದ್ಯುತ್ ತಂತಿಯ ಮೇಲೆ ಬಾರ್ನ್ ಸ್ವಾಲೋ ಎಂಬ ಅಂಬರಗುಬ್ಬಿ, ಬಾತುಗಳಲ್ಲಿ ಎಲ್ಲಕ್ಕಿಂತ ಮುಂಚೆ ಬರುವ ಗಾರ್ಗನಿ.

ಉತ್ತರೆ, ಸೆಪ್ಟೆಂಬರ್ 26ರವರೆಗೆ: ಗ್ರೀನಿಶ್ ವಾರ್ಬ್ಲರ್, ಬ್ಲಿತ್ಸ್ ರೀಡ್ ವಾರ್ಬ್ಲರ್, ಬ್ರೌನ್ ಶ್ರೈಕ್, ಹಳದಿ ಕುಂಡೆಕುಸ್ಕ. ಮರಗಿಡಗಳಲ್ಲಿ ಕೂರುವ ಹಕ್ಕಿಗಳ ಸರದಿ ಇಲ್ಲಿಂದ ಶುರು.

ಹಸ್ತೆ ಮತ್ತು ಚಿತ್ತೆ, ಅಕ್ಟೋಬರ್ 23ರವರೆಗೆ: ನೊಣಹಿಡುಕಗಳು, ಕಾಡು ಕುಂಡೆಕುಸ್ಕ, ಹ್ಯಾರಿಯರ್ ಎಂಬ ಬೇಟೆ ಹಕ್ಕಿಗಳು, ನವರಂಗ, ಕೊನೆಗೆ ಸೂಜಿಬಾಲದ ಬಾತು, ಚಮಚ ಕೊಕ್ಕಿನ ಶೊವೆಲರ್.

ಎಲ್ಲಿ ನಿಲ್ಲಬೇಕು: ಕೆಸರು ಹುಡುಕಿ, ನೀರನ್ನಲ್ಲ

ಹೊಸಬರು ಮಾಡುವ ದೊಡ್ಡ ತಪ್ಪು ಕೆರೆಯ ಏರಿಯ ಮೇಲೆ ನಿಂತು ನೋಡುವುದು. ಏರಿ ಇರುವುದೇ ಕೆರೆಯ ಆಳದ ಕಡೆ. ಅಲ್ಲಿ ಮುಳುಗುವ ಹಕ್ಕಿಗಳಿಗೆ ಕೆಲಸ, ಗೊರವಕ್ಕಲ್ಲ. ಗೊರವದ ಕಾಲು ಎರಡು ಮೂರು ಬೆರಳು ನೀರಿಗೆ ಸರಿ, ಕೊಕ್ಕು ಮೆತ್ತನೆ ಕೆಸರಿಗೆ ಸರಿ. ಏರಿಯ ಎದುರು ತುದಿಗೆ, ಹಳ್ಳ ಬಂದು ಕೆರೆಗೆ ಸೇರುವ ಅಂಗಳಕ್ಕೆ ಹೋಗಿ. ಹೂಳು ಕೂರುವುದು ಅಲ್ಲೇ, ನೀರು ಚಪ್ಪಟೆಯಾಗಿ ಹರಡುವುದು ಅಲ್ಲೇ.

ಮುಂಗಾರು ಚೆನ್ನಾಗಿ ಆದ ವರ್ಷ ಕೆರೆ ಅಂಚಿನವರೆಗೂ ತುಂಬಿ ಕೆಸರೇ ಉಳಿಯುವುದಿಲ್ಲ. ಆಶ್ಲೇಷ ಮಳೆ ಈಸಲಾರದ ಹೊಳೆ ಎಂಬ ಗಾದೆಯ ಹಾಗೆ ಹೊಳೆಯ ಮರಳ ದಿಬ್ಬವೂ ಮುಳುಗಿರುತ್ತದೆ. ಆಗ ಹಕ್ಕಿ ಬಂದಿಲ್ಲ ಎಂದು ತೀರ್ಮಾನಿಸಬೇಡಿ, ಅದು ಬೇರೆ ಕಡೆ ಇಳಿದಿರುತ್ತದೆ. ಕೆರೆ ಕೆಳಗಿನ ಅಚ್ಚುಕಟ್ಟಿನಲ್ಲಿ ಉತ್ತು, ಮಟ್ಟ ಹೊಡೆದು, ಇನ್ನೂ ನಾಟಿಯಾಗದ ಗದ್ದೆ ಇದ್ದರೆ ಅದೇ ಮೊದಲ ಜಾಗ. ನಾಟಿಯಾಗಿ ಎರಡು ಮೂರು ವಾರದವರೆಗೂ ಪರವಾಗಿಲ್ಲ. ಪೈರು ಒಂದು ಗೇಣು ಮೀರಿದ ಮೇಲೆ ಹಕ್ಕಿ ಇದ್ದರೂ ಕಾಣುವುದಿಲ್ಲ, ಬದುವಿನ ಮೇಲೆ ಬಂದಾಗ ಮಾತ್ರ. ತೂಬಿನ ಕೆಳಗಿನ ಕಾಲುವೆ ಗ್ರೀನ್ ಸ್ಯಾಂಡ್‌ಪೈಪರಿಗೆ ಮೆಚ್ಚಿನ ತಾಣ, ಕೋಡಿ ಬಿದ್ದ ಕಲ್ಲುಗಳ ಮೇಲೆ ಬೂದು ಕುಂಡೆಕುಸ್ಕ. ಬೆಂಗಳೂರಿನ ಜಕ್ಕೂರು ಕೆರೆಯಂಥ ಕಡೆ ಸಂಸ್ಕರಿಸಿದ ನೀರು ಬಂದು ಸೇರುವ ಜೌಗಿನ ಮೂಲೆಯನ್ನು ಬಿಡಬೇಡಿ, ವರ್ಷವಿಡೀ ಅಲ್ಲಿ ಹುಳುವಿಗೆ ಬರವಿಲ್ಲ.

ಬೆಳಗ್ಗೆ ಸೂರ್ಯ ನಿಮ್ಮ ಬೆನ್ನಿಗಿರಲಿ, ಅಂದರೆ ಕೆರೆಯ ಪೂರ್ವ ದಡದಲ್ಲಿ ನಿಂತು ಪಶ್ಚಿಮಕ್ಕೆ ನೋಡಿ. ಬೆಳಕಿನ ಎದುರು ನಿಂತರೆ ಎಲ್ಲ ಗೊರವವೂ ಕಪ್ಪು ಗೊರವವೇ. ಜಾಗ ಆಯ್ಕೆ ಮಾಡುವಾಗ ಇದೊಂದನ್ನೇ ಗಮನಿಸಿದರೂ ಗುರುತಿಸುವ ಕಷ್ಟ ಅರ್ಧ ಇಳಿಯುತ್ತದೆ.

ಅಘನಾಶಿನಿಯಂಥ ಅಳಿವೆಯಲ್ಲಿ ಗಡಿಯಾರಕ್ಕಿಂತ ಭರತ ಇಳಿತ, ಅಂದರೆ ಸಮುದ್ರದ ನೀರಿನ ಏರಿಳಿತ, ಮುಖ್ಯ. ಪೂರ್ತಿ ಇಳಿತದಲ್ಲಿ ಹಕ್ಕಿಗಳು ಅರ್ಧ ಮೈಲಿ ದೂರದ ಕೆಸರಿನಲ್ಲಿ ಚೆಲ್ಲಾಪಿಲ್ಲಿ. ನೀರು ಏರುತ್ತಿರುವಾಗ ಹೋದರೆ ಕೆಸರು ಕಿರಿದಾದಂತೆ ಅವೇ ನಿಮ್ಮ ಕಡೆ ಸರಿದು ಬರುತ್ತವೆ. ಭರತಕ್ಕೆ ಎರಡು ಗಂಟೆ ಮೊದಲೇ ಹೋಗಿ ಕುಳಿತಿರಿ.

ಸಲಕರಣೆ

8×42 ಬೈನಾಕ್ಯುಲರ್ ಸಾಕು, ಅಂದರೆ ಎಂಟು ಪಟ್ಟು ದೊಡ್ಡದಾಗಿ ತೋರಿಸುವ, ಮುಂದಿನ ಗಾಜು 42 ಮಿಲಿಮೀಟರ್ ಅಗಲದ್ದು. 10×42ರಲ್ಲಿ ಹಕ್ಕಿ ದೊಡ್ಡದಾಗಿ ಕಾಣುತ್ತದೆ ನಿಜ, ಆದರೆ ಕಣ್ಣಿಗೆ ಬರುವ ಬೆಳಕಿನ ವೃತ್ತ 5.25 ಮಿಲಿಮೀಟರಿನಿಂದ 4.2ಕ್ಕೆ ಇಳಿಯುತ್ತದೆ, ಕೈ ನಡುಕವೂ ಹೆಚ್ಚಾಗಿ ಕಾಣುತ್ತದೆ. ಮೋಡ ಕವಿದ ಬೆಳಗಿನಲ್ಲಿ ಎರಡೂ ಅಡ್ಡಿಯೇ. ಕೊಂಡ ದಿನವೇ ಕಣ್ಣಿಗೆ ಹೊಂದಿಸಿಕೊಳ್ಳಿ. ಬಲಗಡೆಯ ಗಾಜನ್ನು ಅಂಗೈಯಿಂದ ಮುಚ್ಚಿ, ಎಡಗಣ್ಣಿನಲ್ಲಿ ದೂರದ ಬೋರ್ಡಿನ ಅಕ್ಷರ ಸ್ಪಷ್ಟವಾಗುವವರೆಗೆ ನಡುವಿನ ಚಕ್ರ ತಿರುಗಿಸಿ. ನಂತರ ಎಡಗಡೆ ಮುಚ್ಚಿ, ನಡುವಿನ ಚಕ್ರ ಮುಟ್ಟದೆ, ಬಲಗಣ್ಣಿನ ಬಳಿಯ ಉಂಗುರ ಮಾತ್ರ ತಿರುಗಿಸಿ ಅದೇ ಅಕ್ಷರ ಸ್ಪಷ್ಟ ಮಾಡಿಕೊಳ್ಳಿ. ಉಂಗುರ ನಿಂತ ಜಾಗಕ್ಕೆ ಒಂದು ಗುರುತು ಹಾಕಿ. ಬೈನಾಕ್ಯುಲರ್ ಸರಿಯಿಲ್ಲ, ತಲೆನೋವು ಬರುತ್ತದೆ ಎನ್ನುವವರಲ್ಲಿ ಬಹುಪಾಲು ಈ ಹೊಂದಾಣಿಕೆ ಮಾಡಿರುವುದಿಲ್ಲ.

ಮಳೆಗಾಲದಲ್ಲಿ ಗಾಜಿಗೆ ಬೂಷ್ಟು ಹಿಡಿಯುತ್ತದೆ. ಮನೆಗೆ ಬಂದವರು ಬೈನಾಕ್ಯುಲರನ್ನು ಒದ್ದೆ ಚೀಲದಲ್ಲೇ ಬಿಡಬೇಡಿ. ಒಣ ಬಟ್ಟೆಯಲ್ಲಿ ಒರೆಸಿ, ಫ್ಯಾನ್ ಗಾಳಿಯಲ್ಲಿ ಒಂದು ಗಂಟೆ ಇಟ್ಟು, ಆಮೇಲೆ ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಬರೆಯಲು ಪೆನ್ಸಿಲ್, ಹನಿ ಬಿದ್ದರೆ ಜೆಲ್ ಪೆನ್ನಿನ ಬರಹ ಹರಡಿಹೋಗುತ್ತದೆ. ಪ್ಲಾಸ್ಟಿಕ್ ರೇನ್‌ಕೋಟು ಪರಪರ ಸದ್ದು ಮಾಡುತ್ತದೆ, ಕಡು ಬಣ್ಣದ ಕೊಡೆ ವಾಸಿ. ಮೊಣಕಾಲೆತ್ತರದ ಗಮ್‌ಬೂಟು ಹಾವಿಗೂ ಕೆಸರಿಗೂ ಆಗುತ್ತದೆ. ಆದರೆ ಹೂಳಿನೊಳಗೆ ಇಳಿಯಬೇಡಿ. ಮೇಲೆ ಒಣಗಿ ಬಿರುಕು ಬಿಟ್ಟಂತೆ ಕಾಣುವ ಹೂಳು ಕೆಳಗೆ ಸೊಂಟದವರೆಗೆ ಮೆತ್ತಗಿರಬಹುದು. ಮಲೆನಾಡಿನವರಿಗೆ ಇಂಬಳದ ಉಪಾಯ ಹೇಳಿಕೊಡಬೇಕಾಗಿಲ್ಲ. ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಗುಡುಗು ಕೇಳಿದ ಕೂಡಲೇ ಏರಿ ಬಿಟ್ಟು ಇಳಿಯಿರಿ, ಬಯಲಿನಲ್ಲಿ ಎತ್ತರಕ್ಕೆ ಇರುವವರು ನೀವೇ ಆಗಿರುತ್ತೀರಿ.

ಗೊರವಗಳನ್ನು ಬಿಡಿಸಿ ನೋಡುವುದು

ಹೆಸರಿನ ಬಗ್ಗೆ ಒಂದು ಮಾತು. ಗೊರವ, ಗದ್ದೆಗೊರವ, ಹಸಿರು ಗೊರವ ಎಂದು ಕನ್ನಡದಲ್ಲಿ ಹೆಸರುಗಳಿವೆ, ಆದರೆ ಒಂದೇ ಹೆಸರನ್ನು ಒಂದು ಊರಿನಲ್ಲಿ ಒಂದು ಹಕ್ಕಿಗೆ, ಇನ್ನೊಂದು ಊರಿನಲ್ಲಿ ಇನ್ನೊಂದಕ್ಕೆ ಹೇಳುತ್ತಾರೆ. ಮಾತಿನಲ್ಲಿ ನಿಮ್ಮೂರಿನ ಹೆಸರೇ ಇರಲಿ. ದಾಖಲೆಯಲ್ಲಿ ಮಾತ್ರ ಎಲ್ಲರೂ ಒಪ್ಪಿದ ಇಂಗ್ಲಿಷ್ ಹೆಸರನ್ನು ಜೊತೆಗೆ ಬರೆಯಿರಿ.

ಆಗಸ್ಟಿನಲ್ಲಿ ಹೆಚ್ಚು ಗೊಂದಲ ಕಾಮನ್, ಗ್ರೀನ್, ವುಡ್ ಎಂಬ ಮೂರು ಸ್ಯಾಂಡ್‌ಪೈಪರ್‌ಗಳ ನಡುವೆ.

ಕಾಮನ್ ಸ್ಯಾಂಡ್‌ಪೈಪರ್ ನೋಡುವಾಗ ಭುಜದ ಮುಂದೆ ಕಣ್ಣಿಡಿ. ಹೊಟ್ಟೆಯ ಬಿಳಿ ಬಣ್ಣ ಕಂದು ಎದೆಗೂ ರೆಕ್ಕೆಗೂ ನಡುವೆ ಬೆರಳಿನ ಹಾಗೆ ಮೇಲಕ್ಕೆ ಏರಿರುತ್ತದೆ. ಬೇರೆ ಎರಡಕ್ಕೂ ಇದಿಲ್ಲ. ನಿಂತಲ್ಲಿ ನಿಲ್ಲದೆ ಮೈಯ ಹಿಂಭಾಗವನ್ನು ಮೇಲೆ ಕೆಳಗೆ ಆಡಿಸುತ್ತಲೇ ಇರುತ್ತದೆ. ಹಾರಿದರೆ ನೀರಿಗೆ ತಾಗುವಷ್ಟು ಕೆಳಗೆ, ರೆಕ್ಕೆಯನ್ನು ಬಿಲ್ಲಿನಂತೆ ಕೆಳಕ್ಕೆ ಬಾಗಿಸಿ ಪಟಪಟ ಎಂದು ಚಿಕ್ಕದಾಗಿ ಬಡಿದು, ಸ್ವಲ್ಪ ತೇಲಿ, ಮತ್ತೆ ಬಡಿಯುತ್ತದೆ. ಕೆಸರಿಗಿಂತ ಕಲ್ಲು, ಕಾಂಕ್ರೀಟ್ ದಂಡೆ ಇದಕ್ಕೆ ಇಷ್ಟ. ಏರಿಯ ಕಲ್ಲುಕಟ್ಟಣೆಯಲ್ಲಿ ಒಂಟಿಯಾಗಿ ಓಡಾಡುವ ಗೊರವ ಬಹುಮಟ್ಟಿಗೆ ಇದೇ.

ಗ್ರೀನ್ ಸ್ಯಾಂಡ್‌ಪೈಪರ್ ಹೆಸರಿಗೆ ಹಸಿರು, ದೂರಕ್ಕೆ ಕಪ್ಪು ಬಿಳುಪು. ಬೆನ್ನು ಕಡುಗಂದು, ಅದರ ಮೇಲೆ ಸಾಸಿವೆಯಷ್ಟು ಸಣ್ಣ ಚುಕ್ಕೆ. ಬಿಳಿ ಹುಬ್ಬು ಕಣ್ಣಿನ ಮುಂದೆ ಮಾತ್ರ, ಹಿಂದಕ್ಕೆ ಚಾಚುವುದಿಲ್ಲ. ನೀವು ಕಾಲುವೆಯ ತಿರುವು ದಾಟಿದ ಕೂಡಲೇ ಎದ್ದು, ಟ್ಲುಯಿಟ್-ವಿಟ್-ವಿಟ್ ಎಂದು ಕೂಗುತ್ತ ಎತ್ತರಕ್ಕೆ ಏರಿ ಹೋಗುತ್ತದೆ. ಆಗ ರೆಕ್ಕೆಯ ಕೆಳಭಾಗ ನೋಡಿ, ಕಪ್ಪಗಿರುತ್ತದೆ. ಬಾಲದ ಬುಡ ಅಚ್ಚ ಬಿಳಿ.

ವುಡ್ ಸ್ಯಾಂಡ್‌ಪೈಪರಿಗೂ ಬಾಲದ ಬುಡ ಬಿಳಿಯೇ. ಎಡವುವುದು ಇಲ್ಲೇ. ಆದರೆ ಇದರ ರೆಕ್ಕೆಯ ಕೆಳಭಾಗ ತಿಳಿ. ಬೆನ್ನಿನ ಚುಕ್ಕೆ ದಪ್ಪ, ಒರಟು. ಹುಬ್ಬು ಕಣ್ಣಿನ ಹಿಂದಕ್ಕೂ ಉದ್ದಕ್ಕೆ ಚಾಚಿರುತ್ತದೆ. ಕಾಲು ಹಳದಿ ಛಾಯೆಯದು, ಹಾರುವಾಗ ಬಾಲದ ಆಚೆ ಚೆನ್ನಾಗಿ ಕಾಣುತ್ತದೆ. ಕೂಗು ಚಿಫ್-ಇಫ್-ಇಫ್, ಒಣ ಸಿಳ್ಳೆಯಂತೆ. ಗ್ರೀನ್ ಒಂಟಿ, ವುಡ್ ಐದು ಹತ್ತರಿಂದ ಶುರುವಾಗಿ ಸೆಪ್ಟೆಂಬರಿನಲ್ಲಿ ಒಂದೇ ಗದ್ದೆಬಯಲಿನಲ್ಲಿ ಐವತ್ತಾದರೂ ಆಶ್ಚರ್ಯವಿಲ್ಲ. ಕುಳಿತದ್ದು ಯಾವುದೆಂದು ತಿಳಿಯದಿದ್ದರೆ ಕಾಯಿರಿ, ಯಾವುದೋ ಹದ್ದು ಬಂದು ಎಬ್ಬಿಸುತ್ತದೆ. ನೀವಾಗಿ ಎಬ್ಬಿಸಬೇಡಿ.

ಎಬ್ಬಿಸಬಾರದು ಎನ್ನುವುದು ಬರೀ ಶಿಸ್ತಿನ ಮಾತಲ್ಲ. ಸಾವಿರಾರು ಕಿಲೋಮೀಟರ್ ಹಾರಿ ಇಳಿದ ಹಕ್ಕಿಯ ಮೈಯಲ್ಲಿ ಕೊಬ್ಬು ಕರಗಿರುತ್ತದೆ. ಅದನ್ನು ಮತ್ತೆ ತುಂಬಿಕೊಳ್ಳಲು ಬೆಳಗಿನ ತಂಪು ಹೊತ್ತಿನ ಮೇವು ಬೇಕು. ಅದು ತಲೆ ಎತ್ತಿ ಕುತ್ತಿಗೆ ನೀಳ ಮಾಡಿ ನಿಂತಿತೆಂದರೆ ನೀವು ಹತ್ತಿರವಾದಿರಿ ಎಂದರ್ಥ. ಅಲ್ಲೇ ನಿಂತು, ಮತ್ತೆ ತಲೆ ತಗ್ಗಿಸಿ ಕೆಸರು ಕೆದಕುವವರೆಗೆ ಅಲುಗಾಡಬೇಡಿ. ನೇರ ಅದರತ್ತ ನಡೆಯುವ ಬದಲು ಓರೆಯಾಗಿ, ಎಲ್ಲಿಗೋ ಹೋಗುತ್ತಿರುವವರ ಹಾಗೆ ನಡೆಯಿರಿ.

ಇನ್ನು ವಯಸ್ಸು. ದೊಡ್ಡ ಹಕ್ಕಿಯ ಗರಿ ಆಗಸ್ಟಿನಲ್ಲಿ ಸವೆದು, ಅಂಚು ಹರಿದು, ಬಣ್ಣ ಮಾಸಿರುತ್ತದೆ. ಎಳೆಯ ಹಕ್ಕಿಯದು ಹೊಸ ಗರಿ, ಪ್ರತಿ ಗರಿಗೂ ತಿಳಿ ಅಂಚು ಹೊಲಿದಂತೆ ಸಾಲಾಗಿ ಇರುತ್ತದೆ. ಒಂದೇ ಗುಂಪಿನಲ್ಲಿ ಎರಡೂ ಇದ್ದರೆ ಅಕ್ಕಪಕ್ಕ ಇಟ್ಟು ನೋಡುವ ಅವಕಾಶ, ಅರ್ಧ ಗಂಟೆ ಹೋದರೂ ಚಿಂತೆಯಿಲ್ಲ.

ಗ್ರೀನ್‌ಶ್ಯಾಂಕ್ ದೊಡ್ಡದು, ಕೊಕ್ಕು ತುಸು ಮೇಲಕ್ಕೆ ಬಾಗಿದ್ದು, ಟ್ಯೂ-ಟ್ಯೂ-ಟ್ಯೂ ಎಂದು ಸಮ ಅಂತರದ ಮೂರು ಕೂಗು. ಮಾರ್ಷ್ ಸ್ಯಾಂಡ್‌ಪೈಪರ್ ಅದರ ಸಣ್ಣ ರೂಪ, ಕೊಕ್ಕು ಸೂಜಿಯಷ್ಟು ತೆಳು. ಕೊಕ್ಕು ತಲೆಯ ಎರಡರಷ್ಟು ಉದ್ದವಿದ್ದು ಕಾಲಬುಡದಿಂದ ಚಿರ್ರನೆ ಅಂಕುಡೊಂಕಾಗಿ ಹಾರಿಹೋದದ್ದು ಉಲ್ಲಂಕಿ, ಅಂದರೆ ಸ್ನೈಪ್.

ಕುಂಡೆಕುಸ್ಕ, ಅಂಬರಗುಬ್ಬಿ

ಕಪ್ಪು ಬೆನ್ನು, ಬಿಳಿ ಹುಬ್ಬಿನ ದೊಡ್ಡ ಕುಂಡೆಕುಸ್ಕ ನಮ್ಮೂರಿನದೇ, ವರ್ಷಪೂರ್ತಿ ಇರುವಂಥದು. ಅದನ್ನು ವಲಸೆಯ ಬಿಳಿ ಕುಂಡೆಕುಸ್ಕ ಎಂದು ಬರೆಯುವುದು ಪ್ರತಿ ವರ್ಷ ಕಾಣುವ ತಪ್ಪು. ವಲಸೆ ಬರುವ ಬಿಳಿಯದಕ್ಕೆ ಬೆನ್ನು ಬೂದು, ಮುಖ ಬಿಳಿ, ಬರುವುದೂ ತಡವಾಗಿ. ಬೂದು ಕುಂಡೆಕುಸ್ಕ ಮತ್ತು ಹಳದಿ ಕುಂಡೆಕುಸ್ಕ ಎರಡಕ್ಕೂ ಹಳದಿ ಇರುವುದರಿಂದ ಕಾಲಿನ ಬಣ್ಣ ನೋಡಿ: ಬೂದಿನದಕ್ಕೆ ನಸುಗೆಂಪು ಕಂದು, ಹಳದಿಯದಕ್ಕೆ ಕಪ್ಪು. ಬೂದಿನ ಬಾಲ ಮೈಗಿಂತ ಉದ್ದವೇನೋ ಎನಿಸುವಷ್ಟು ಉದ್ದ, ಹಳದಿ ಬಣ್ಣ ಬಾಲದ ಬುಡದಲ್ಲಿ ಹೆಚ್ಚು ಗಾಢ. ಹಳದಿಯದು ಮೇಯುವ ದನದ ಕಾಲ ಬಳಿ ಹುಲ್ಲಿನಲ್ಲಿ, ಗುಂಪಾಗಿ. ಬೂದಿನದು ಹರಿಯುವ ನೀರು, ಚರಂಡಿ, ಮಳೆನೀರು ನಿಂತ ಮನೆ ತಾರಸಿ. ಹೌದು, ತಾರಸಿಯ ಮೇಲೂ ಬರುತ್ತದೆ. ಬೆಳಗ್ಗೆ ತಲೆಯ ಮೇಲೆ ಚಿಟ್-ಚಿಟ್ ಎಂದು ಲೋಹ ತಾಗಿದಂಥ ಚೂಪು ದನಿ ಕೇಳಿದರೆ ಮೇಲೆ ನೋಡಿ, ಅಲೆಯಲೆಯಾಗಿ ಏರಿಳಿದು ಹೋಗುತ್ತಿರುತ್ತದೆ.

ತಂತಿಯ ಮೇಲಿನ ಅಂಬರಗುಬ್ಬಿಗಳಲ್ಲಿ ನೆತ್ತಿ ಕೆಂಗಂದು, ಗಂಟಲಿನಿಂದ ಕೆಳಗೆ ಪೂರ್ತಿ ಬಿಳಿ ಇದ್ದರೆ ವೈರ್‌ಟೇಲ್ಡ್ ಸ್ವಾಲೋ, ಇಲ್ಲಿಯದೇ. ಗಂಟಲು ಕೆಂಪಾಗಿ, ಅದರ ಕೆಳಗೆ ಕಪ್ಪು ಪಟ್ಟಿ ಇದ್ದರೆ ಬಾರ್ನ್ ಸ್ವಾಲೋ, ವಲಸೆಯದು. ಎಳೆಯವಕ್ಕೆ ಬಾಲದ ಉದ್ದ ಎಳೆ ಇರುವುದಿಲ್ಲ, ಬಾಲ ನಂಬಿ ಕೂರಬೇಡಿ.

ಉತ್ತರೆಯ ನಂತರ ಕಿವಿ

ಎಲೆಯೊಳಗಿನ ಸಣ್ಣ ಹಕ್ಕಿಗಳನ್ನು ಮೊದಲು ಕಿವಿಯಿಂದಲೇ ಹಿಡಿಯಬೇಕು. ಮಾವು, ಹೊಂಗೆ, ಮಳೆಮರದ ತುದಿಯಿಂದ ಚಿ-ಸ್ಲೀ, ಚಿ-ಸ್ಲೀ ಎಂಬ ಎರಡಕ್ಷರದ ದನಿ ಬಿಟ್ಟು ಬಿಟ್ಟು ಬಂದರೆ ಗ್ರೀನಿಶ್ ವಾರ್ಬ್ಲರ್. ಕೆಳಗಿನ ಲಂಟಾನ ಪೊದೆ, ಬೇಲಿಯಿಂದ ಎರಡು ಬೆಣಚುಕಲ್ಲು ತಾಗಿಸಿದ ಹಾಗೆ ಟಕ್... ಟಕ್... ಬಂದರೆ ಬ್ಲಿತ್ಸ್ ರೀಡ್ ವಾರ್ಬ್ಲರ್. ಇವೆರಡನ್ನು ಕಲಿತರೆ ಅಕ್ಟೋಬರಿನ ನಿಮ್ಮ ಪಟ್ಟಿ ಬೇರೆಯೇ ಆಗುತ್ತದೆ. ಕಲಿಯಲು ಅಡ್ಡಿಯಾಗುವುದು ಸಿಂಪಿಗ ಹಕ್ಕಿ, ಅದಕ್ಕೆ ಹತ್ತಾರು ದನಿ. ಆಗಸ್ಟಿನಲ್ಲೇ, ವಲಸೆಯವು ಬರುವ ಮೊದಲೇ, ಸಿಂಪಿಗದ ದನಿಗಳನ್ನೆಲ್ಲ ಕೇಳಿ ಮುಗಿಸಿಕೊಳ್ಳಿ. ಬೇಲಿಗೂಟದ ಮೇಲೆ ಕುಳಿತು ಬೆಳಕು ಹರಿಯುವಾಗ ಚಕ್-ಚಕ್-ಚಕ್ ಎಂದು ಒರಟಾಗಿ ಗದರುವುದು ಬ್ರೌನ್ ಶ್ರೈಕ್: ಕಂದು ಬೆನ್ನು, ಕಪ್ಪು ಮುಖಪಟ್ಟಿ, ಅದರ ಮೇಲೆ ಬಿಳಿ ಹುಬ್ಬು. ಒಮ್ಮೆ ಜಾಗ ಹಿಡಿದರೆ ಚಳಿಗಾಲವಿಡೀ ಅದೇ ಬೇಲಿ, ಹೆಚ್ಚು ಕಡಿಮೆ ಅದೇ ಗೂಟ.

ಮೊಬೈಲಿನ ಮರ್ಲಿನ್ ಆ್ಯಪ್ ದನಿ ಕೇಳಿ ಹೆಸರು ಹೇಳುತ್ತದೆ. ಅದು ಸುಳಿವು, ಸಾಕ್ಷಿಯಲ್ಲ. ಆ್ಯಪ್ ಹೇಳಿದ ಹಕ್ಕಿಯನ್ನು ನೀವೂ ಕೇಳಿಸಿಕೊಂಡು ಒಪ್ಪದ ಹೊರತು ಪಟ್ಟಿಗೆ ಸೇರಿಸಬೇಡಿ.

ಇರಲಿಲ್ಲ ಎಂದು ಬರೆಯುವುದು

ಈ ಬರಹದಲ್ಲಿ ಒಂದೇ ಒಂದು ಸಂಗತಿ ನೆನಪಿಡುವುದಾದರೆ ಇದನ್ನು ನೆನಪಿಡಿ. ಸೆಪ್ಟೆಂಬರ್ 4ಕ್ಕೆ ಬೂದು ಕುಂಡೆಕುಸ್ಕ ಕಂಡಿತು ಎಂಬ ದಾಖಲೆಗೆ ಬೆಲೆ ಬರುವುದು ಆಗಸ್ಟ್ 30ಕ್ಕೂ ಸೆಪ್ಟೆಂಬರ್ 2ಕ್ಕೂ ಅದೇ ಜಾಗಕ್ಕೆ ಹೋಗಿ ಅದು ಇರಲಿಲ್ಲ ಎಂದು ಬರೆದಿದ್ದರೆ ಮಾತ್ರ. ಇಲ್ಲದಿದ್ದರೆ ಸೆಪ್ಟೆಂಬರ್ 4 ಹಕ್ಕಿ ಬಂದ ದಿನವಲ್ಲ, ನೀವು ಹೋದ ದಿನ. ಭಾನುವಾರ ಮಾತ್ರ ಹೋಗುವವರ ಊರಿನಲ್ಲಿ ಹಕ್ಕಿಗಳೆಲ್ಲ ಭಾನುವಾರವೇ ಬರುತ್ತವೆ.

ಇನ್ನೊಂದು ಕಾರಣವೂ ಇದೆ. ಗೊರವ, ಪ್ಲವರ್‌ಗಳಲ್ಲಿ ಕೆಲವು, ಮುಖ್ಯವಾಗಿ ಒಂದು ವರ್ಷದ ಎಳೆಯವು, ಬೇಸಿಗೆಯಲ್ಲಿ ಉತ್ತರಕ್ಕೆ ಹೋಗದೆ ಇಲ್ಲೇ ಉಳಿದುಬಿಡುತ್ತವೆ. ಕರಾವಳಿಯಲ್ಲಿ ಇದು ಸಾಮಾನ್ಯ. ಜೂನ್‌ನಲ್ಲಿ ನೀವು ಅಳಿವೆಗೆ ಹೋಗದಿದ್ದರೆ ಜುಲೈ 25ಕ್ಕೆ ಕಂಡ ಹಕ್ಕಿ ಬಂದದ್ದೋ ಇದ್ದದ್ದೋ ಹೇಳಲು ದಾರಿಯಿಲ್ಲ.

ಹಾಗಾಗಿ ಕ್ರಮ ಇಷ್ಟು. ಮನೆಯಿಂದ ಹದಿನೈದು ನಿಮಿಷದೊಳಗೆ ತಲುಪುವ ಒಂದೇ ಜಾಗ ಆರಿಸಿಕೊಳ್ಳಿ. ದೂರದ ಹೆಸರಾಂತ ಕೆರೆಗಿಂತ ದಿನವೂ ಹೋಗಬಲ್ಲ ಊರ ಕುಂಟೆ ಈ ಕೆಲಸಕ್ಕೆ ಮೇಲು. ಜೂನ್ ಕೊನೆಗೆ ಶುರು ಮಾಡಿ ವಾರಕ್ಕೊಮ್ಮೆ, ಮಘೆಯಿಂದ ಚಿತ್ತೆಯವರೆಗೆ ವಾರಕ್ಕೆ ಎರಡು ಮೂರು ಸಲ. ಒಂದು ಕಿಲೋಮೀಟರ್ ದಾರಿ, ನಾಲ್ಕು ಗೊತ್ತಾದ ನಿಲುಗಡೆ, ಒಂದೊಂದರಲ್ಲೂ ಹತ್ತು ನಿಮಿಷ. ಬೆಳಗ್ಗೆ ಆರೂಕಾಲಿಗೆ ಶುರು, ಮರದ ಹಕ್ಕಿಗೆ ಮಾತ್ರ ಬಿಸಿಲು ಎಲೆಗೆ ತಾಗಿದ ಮೇಲೆ, ಏಳೂವರೆ ಹೊತ್ತಿಗೆ. ಇವುಗಳಲ್ಲಿ ಬಹುಪಾಲು ರಾತ್ರಿ ಹಾರುವ ಹಕ್ಕಿಗಳು. ರಾತ್ರಿ ಮಳೆ ಸುರಿದು ಬೆಳಗ್ಗೆ ಬಿಟ್ಟ ದಿನ ತಪ್ಪಿಸಬೇಡಿ, ದಾರಿಯಲ್ಲಿದ್ದವು ಇಳಿದಿರುತ್ತವೆ.

ಒಂದು ಮಾದರಿ ಪುಟ ಹೀಗಿರಲಿ: ಸೆಪ್ಟೆಂಬರ್ 6, ಬೆಳಗ್ಗೆ 6.20ರಿಂದ 7.25. ಮೋಡ, ಗಾಳಿಯಿಲ್ಲ, ರಾತ್ರಿ ಮಳೆ. ತೂಬಿನ ಕಲ್ಲಿನಲ್ಲಿ ಮೂರು ಮೆಟ್ಟಿಲು ನೀರಿನ ಮೇಲೆ. ಅಂಗಳದಲ್ಲಿ ಕೆಸರು 12 ಹೆಜ್ಜೆ. ವುಡ್ ಸ್ಯಾಂಡ್‌ಪೈಪರ್ 14, ಅದರಲ್ಲಿ 9 ಎಳೆಯವು. ಕಾಮನ್ ಸ್ಯಾಂಡ್‌ಪೈಪರ್ 1, ಕಲ್ಲುಕಟ್ಟಣೆ. ಬೂದು ಕುಂಡೆಕುಸ್ಕ ಇಲ್ಲ, ಕೋಡಿಯಲ್ಲಿ ಹತ್ತು ನಿಮಿಷ ಕಾದದ್ದಾಯಿತು. ಗೊತ್ತಾಗದ ಗೊರವ 2.

ನೀರಿನ ಮಟ್ಟ ಮತ್ತು ಕೆಸರಿನ ಅಗಲ ಬರೆಯುವುದನ್ನು ಎಲ್ಲರೂ ಮರೆಯುತ್ತಾರೆ. ಐದು ವರ್ಷದ ನಂತರ ಗೊರವ ಕಡಿಮೆಯಾಯಿತು ಎಂದು ಹೇಳಬೇಕಾದಾಗ, ಕಡಿಮೆಯಾದದ್ದು ಹಕ್ಕಿಯೋ ಕೆಸರೋ ಎಂಬ ಪ್ರಶ್ನೆಗೆ ಉತ್ತರ ಈ ಸಾಲಿನಲ್ಲಿದೆ. ಕೆರೆ ಅಭಿವೃದ್ಧಿಯ ಹೆಸರಿನಲ್ಲಿ ಅಂಗಳವನ್ನು ಸಮನಾಗಿ ಅಗೆದು, ಸುತ್ತ ಕಲ್ಲು ಕಟ್ಟಿ, ಬಟ್ಟಲಿನ ಹಾಗೆ ಮಾಡಿದ ಕೆರೆಗಳಲ್ಲಿ ನೀರಿರುತ್ತದೆ, ಗೊರವ ನಿಲ್ಲಲು ಒಂದು ಗೇಣು ಜಾಗ ಇರುವುದಿಲ್ಲ. ಇದನ್ನು ಊರಿನ ಸಭೆಯಲ್ಲಿ ಹೇಳಲು ನಿಮ್ಮ ಕೈಯಲ್ಲಿ ಅಂಕಿ ಇರಬೇಕು.

ಎಣಿಸುವಾಗ ಗುಂಪಿನ ಒಂದು ತುದಿಯಿಂದ ಹತ್ತು ಹಕ್ಕಿ ಎಣಿಸಿ, ಅವು ಆವರಿಸಿದ ಜಾಗವನ್ನು ಕಣ್ಣಿನಲ್ಲಿ ಹಿಡಿದು, ಅಷ್ಟಗಲದ ತುಂಡುಗಳನ್ನು ಎಣಿಸುತ್ತ ಹೋಗಿ. ಎರಡು ಸಲ ಎಣಿಸಿ. ಬಹಳ, ನೂರಾರು ಎಂಬ ಮಾತು ದಾಖಲೆಯಲ್ಲ. ಗೊತ್ತಾಗದ್ದನ್ನು ಗೊತ್ತಾಗದ್ದು ಎಂದೇ ಬರೆಯಿರಿ.

ಬರೆದದ್ದನ್ನು ಅದೇ ದಿನ, ಜನರ ಹಕ್ಕಿ ಪಟ್ಟಿಗಳನ್ನು ಸಂಗ್ರಹಿಸುವ ಇಬರ್ಡ್ ಜಾಲತಾಣಕ್ಕೆ ಏರಿಸಿ. ಕನಿಷ್ಠ 15 ನಿಮಿಷದ ಪಟ್ಟಿ, ಕಂಡ ಕೇಳಿದ ಎಲ್ಲ ಜಾತಿಯೂ ಇರಲಿ, ಕಾಗೆ ಗೊರವಂಕ ಸೇರಿ. ಎಲ್ಲವನ್ನೂ ಬರೆದಿದ್ದೇನೆ ಎಂಬ ಪ್ರಶ್ನೆಗೆ ಹೌದು ಎಂದರೆ, ಪಟ್ಟಿಯಲ್ಲಿಲ್ಲದ ಕುಂಡೆಕುಸ್ಕ ಅಂದು ನಿಮಗೆ ಕಾಣಲಿಲ್ಲ ಎಂಬುದೂ ತಾನಾಗಿ ದಾಖಲಾಗುತ್ತದೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಅಂದರೆ ಎನ್‌ಸಿಬಿಎಸ್‌ನಿಂದ 2007ರಲ್ಲಿ ಶುರುವಾದ ಮೈಗ್ರಂಟ್‌ವಾಚ್ ಯೋಜನೆ, ಜನರಿಂದ ವಲಸೆ ಹಕ್ಕಿಯ ಮೊದಲ ಮತ್ತು ಕೊನೆಯ ದಿನಗಳನ್ನು ಸಂಗ್ರಹಿಸಿತ್ತು. ಇಂದು ಭಾರತದ ಹಕ್ಕಿಗಳ ಸ್ಥಿತಿಗತಿ ಲೆಕ್ಕ ಹಾಕುವುದೂ ಇಂಥ ಪಟ್ಟಿಗಳಿಂದಲೇ. 942 ಜಾತಿಗಳನ್ನು ಪರಿಶೀಲಿಸಿದ 2023ರ ವರದಿ, ದೂರದಿಂದ ವಲಸೆ ಬರುವ ದಂಡೆಹಕ್ಕಿಗಳ ಇಳಿಕೆಯನ್ನು ಎತ್ತಿ ಹೇಳಿದೆ.

ಕಾಲಿನಲ್ಲಿ ಉಂಗುರವೋ ಬಣ್ಣದ ಪಟ್ಟಿಯೋ ಕಂಡರೆ ಯಾವ ಕಾಲು, ಗಂಟಿನ ಮೇಲೋ ಕೆಳಗೋ, ಬಣ್ಣ, ಅಕ್ಷರ, ಈ ಕ್ರಮದಲ್ಲಿ ಬರೆದುಕೊಂಡು ಮುಂಬಯಿಯ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ತಿಳಿಸಿ. ಮಸುಕು ಫೋಟೋ ಆದರೂ ಆಗುತ್ತದೆ. ಹಕ್ಕಿಯ ಬಲಗಾಲು ನಿಮ್ಮ ಬಲಕ್ಕಿರುವುದಲ್ಲ, ಅದು ನಿಮ್ಮತ್ತ ತಿರುಗಿದ್ದರೆ ಎಡಕ್ಕಿರುತ್ತದೆ.

ಕೊನೆಗೊಂದು ತಿದ್ದುಪಡಿ ಬಹಳ ಕಡೆ ಬೇಕಾಗಿದೆ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ಮೆಟ್ಟುಗಾಲು ಹಕ್ಕಿ, ಚುಕ್ಕೆಕೊಕ್ಕಿನ ಬಾತು ಇವು ವಿದೇಶದಿಂದ ಬಂದವಲ್ಲ. ಕೊಕ್ಕರೆ ಬೆಳ್ಳೂರಿನಲ್ಲಿ ಗೂಡು ಕಟ್ಟುವ ಹೆಜ್ಜಾರ್ಲೆ ನಮ್ಮ ಕೆರೆಗಳ ನಡುವೆಯೇ ನೀರು ಮೀನು ನೋಡಿಕೊಂಡು ಓಡಾಡುತ್ತದೆ. ದೊಡ್ಡದಾಗಿ ಬೆಳ್ಳಗೆ ಕಂಡದ್ದೆಲ್ಲ ಸೈಬೀರಿಯಾದ್ದು ಎಂದು ಹೇಳುತ್ತ ಹೋದರೆ, ನಿಜವಾಗಿ ಸೈಬೀರಿಯಾದಿಂದ ಬಂದು ಗದ್ದೆಯ ಬದುವಿನಲ್ಲಿ ನಿಂತ ಅಂಗೈಯಗಲದ ಕಂದು ಗೊರವ ಯಾರ ಕಣ್ಣಿಗೂ ಬೀಳುವುದಿಲ್ಲ.

ಮನೆಯೊಳಗೆ ಬಂದ ನವರಂಗ

ಅಕ್ಟೋಬರಿನಲ್ಲಿ ರಾತ್ರಿ ಹಾರುವ ನವರಂಗ ದಣಿದೋ ದೀಪದ ಬೆಳಕಿಗೆ ದಿಕ್ಕುತಪ್ಪಿಯೋ ಕಿಟಕಿ ಗಾಜಿಗೆ ಬಡಿದು, ಬಾಲ್ಕನಿಯಲ್ಲಿ, ಕಾರ್ ಷೆಡ್ಡಿನಲ್ಲಿ ಬೆಪ್ಪಾಗಿ ಕುಳಿತಿರುತ್ತದೆ. ಹಸಿರು ಬೆನ್ನು, ಕೆಂಪು ಹೊಟ್ಟೆಯಡಿ, ಮೋಟು ಬಾಲ ನೋಡಿ ಯಾರೋ ಸಾಕಿದ ಹಕ್ಕಿ ಎಂದುಕೊಳ್ಳಬೇಡಿ. ಬೆಕ್ಕು ನಾಯಿ ದೂರ ಮಾಡಿ. ತೆಳು ಬಟ್ಟೆ ಮೇಲೆ ಹಾಕಿ ಮೆಲ್ಲಗೆ ಎತ್ತಿ, ಪೆನ್ಸಿಲಿನಲ್ಲಿ ಏಳೆಂಟು ತೂತು ಮಾಡಿದ ರಟ್ಟಿನ ಡಬ್ಬಿಯಲ್ಲಿ ಹಳೇ ಬಟ್ಟೆ ಹಾಸಿ ಬಿಡಿ. ಮುಚ್ಚಿ, ಕತ್ತಲೆಯ, ಸದ್ದಿಲ್ಲದ ಕಡೆ ಇಡಿ. ಕೊಕ್ಕಿಗೆ ನೀರು ಹಾಕಬೇಡಿ, ಉಸಿರುನಾಳಕ್ಕೆ ಹೋಗಿ ಸಾಯುತ್ತದೆ. ಅನ್ನ, ಬ್ರೆಡ್ಡು ಬೇಡ. ನಡುನಡುವೆ ತೆರೆದು ನೋಡಬೇಡಿ, ಫೋಟೋಗೆ ಎತ್ತಿಕೊಳ್ಳಬೇಡಿ. ಹಗಲಾಗಿದ್ದರೆ ಒಂದೆರಡು ಗಂಟೆಯ ನಂತರ, ರಾತ್ರಿ ಸಿಕ್ಕಿದ್ದರೆ ಬೆಳಕು ಹರಿದ ಮೇಲೆ, ಹತ್ತಿರದಲ್ಲೇ ಪೊದೆಯಿರುವ ತೋಟದಲ್ಲಿ ಡಬ್ಬಿಯನ್ನು ನೆಲಕ್ಕಿಟ್ಟು ಮುಚ್ಚಳ ತೆರೆದು ಹತ್ತು ಹೆಜ್ಜೆ ಹಿಂದೆ ಸರಿಯಿರಿ. ಹಾರದಿದ್ದರೆ, ರೆಕ್ಕೆ ಜೋತಿದ್ದರೆ, ರಕ್ತವಿದ್ದರೆ ಅರಣ್ಯ ಇಲಾಖೆಗೋ ವನ್ಯಜೀವಿ ರಕ್ಷಕರಿಗೋ ಕೂಡಲೇ ತಿಳಿಸಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಅದು ಹಾರಿಹೋದ ಮೇಲೆ ತಾರೀಖು, ಹೊತ್ತು, ಹಿಂದಿನ ರಾತ್ರಿಯ ಮಳೆ, ಹೊತ್ತಿದ್ದ ದೀಪ ಇಷ್ಟನ್ನೂ ಬರೆದಿಟ್ಟು, ಆ ಕಿಟಕಿಯ ದೀಪವನ್ನು ಚಿತ್ತೆ ಮುಗಿಯುವವರೆಗೆ ಹತ್ತು ಗಂಟೆಯ ನಂತರ ಆರಿಸಿ.